ಪ್ಲಾಸ್ಟಿಕ್ಕಿಗೆ ತೂಕ ತುಂಬುವವರು

ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನ ತೂಕ 57 ಟನ್. ಉದ್ದ, ಅಗಲ, ಎತ್ತರ ಮೂರನ್ನೂ 35ರಲ್ಲಿ ಒಂದು ಪಾಲಿಗೆ ಇಳಿಸಿದರೆ ತೂಕ ಇಳಿಯುವುದು 35 ಪಟ್ಟಲ್ಲ, 42,875 ಪಟ್ಟು. ಆ ಲೆಕ್ಕದಲ್ಲೂ ಪುಟ್ಟ ಟೈಗರ್ ಒಂದು ಕಿಲೋ ಮುನ್ನೂರು ಗ್ರಾಂ ಮೇಲೆಯೇ ತೂಗಬೇಕು. ಪೆಟ್ಟಿಗೆಯಿಂದ ತೆಗೆದು ಜೋಡಿಸಿದ ಪ್ಲಾಸ್ಟಿಕ್ ಟೈಗರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಧೂಳು ಹೊಡೆಯುವ ಬಟ್ಟೆಗೆ ಸಿಕ್ಕಿದರೆ ಮೇಜಿನಿಂದ ಕೆಳಗೆ ಹಾರುವಷ್ಟು ಹಗುರ. ಪುಟ್ಟ ಟ್ಯಾಂಕುಗಳನ್ನು ಕಟ್ಟಿ ಬಣ್ಣ ಬಳಿಯುವ ಹವ್ಯಾಸದ ಕಷ್ಟವೆಲ್ಲ ಇಲ್ಲೇ ಇದೆ. ಆಕಾರವನ್ನು ಕಾರ್ಖಾನೆಯೇ ಕೊಟ್ಟುಬಿಡುತ್ತದೆ. ತೂಕ ಕೊಡಬೇಕಾದವನು ಕಟ್ಟುವವನು. ಅದೂ ತಕ್ಕಡಿಗೆ ಸಿಗದ, ಕಣ್ಣಿಗೆ ಮಾತ್ರ ಕಾಣಬೇಕಾದ ತೂಕ.

ಕಿಟ್ ಅಂದರೆ ಇಷ್ಟು: ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ನೂರಾರು ಚೂರುಗಳು, ನಂಬರ್ ಹಾಕಿದ ಚಿತ್ರಗಳ ಒಂದು ಪುಸ್ತಿಕೆ, ಗುರುತುಗಳ ಡೆಕಾಲ್ ಹಾಳೆ. ಚೂರುಗಳನ್ನು ಕಟರ್‌ನಿಂದ ಕತ್ತರಿಸಿ, ಕತ್ತರಿಸಿದ ಜಾಗದ ಗಂಟನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ನುಣುಪು ಮಾಡಬೇಕು. ಅಂಟಿಸಲು ಬಳಸುವ ಸಿಮೆಂಟ್ ನಾವು ಅಂದುಕೊಂಡ ಹಾಗೆ ಗೋಂದಲ್ಲ. ಎರಡು ಭಾಗಗಳನ್ನು ಹಿಡಿದು ಸಂದಿಗೆ ಬ್ರಷ್ ತಾಗಿಸಿದರೆ ನೀರಿನಷ್ಟು ತೆಳುವಾದ ದ್ರವ ಸಂದಿಯುದ್ದಕ್ಕೂ ತಾನೇ ಓಡುತ್ತದೆ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಆಮೇಲೆ ಹಾರಿಹೋಗುತ್ತದೆ. ಉಳಿಯುವುದು ಬೆಸುಗೆ. ಅವಸರದಲ್ಲಿ ಒಂದು ಹನಿ ಹೆಚ್ಚು ಬಿದ್ದರೆ ಬೆರಳಿನ ಗುರುತು ಟ್ಯಾಂಕಿನ ಉಕ್ಕಿನ ಮೇಲೆ ಶಾಶ್ವತ. 35ರಲ್ಲಿ ಒಂದರ ಅಳತೆಯಲ್ಲಿ ಆಳೊಬ್ಬ ಐದು ಸೆಂಟಿಮೀಟರ್ ಎತ್ತರ. ಹಾಗಿರುವಾಗ ಆ ಹೆಬ್ಬೆರಳಿನ ಗುರುತು ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ.

ಈ 35 ಎಲ್ಲಿಂದ ಬಂತು ಎಂಬ ಕಥೆ ಜಪಾನಿನ ಶಿಜುಓಕಾ ಊರಿನದು. ಮರಗೆಲಸಕ್ಕೆ ಹೆಸರಾಗಿದ್ದ ಆ ಊರು ಈಗ ಪ್ಲಾಸ್ಟಿಕ್ ಮಾಡೆಲ್‌ಗಳ ತವರು. ಹಸೆಗಾವಾ, ಆವೋಶಿಮಾ, ಫುಜಿಮಿ ಕಂಪನಿಗಳೆಲ್ಲ ಆ ಸುತ್ತಿನವೇ. ಅಲ್ಲಿ ಯೋಶಿಯೊ ತಮಿಯಾ ಎಂಬವರು 1946ರಲ್ಲಿ ಮರದ ವ್ಯಾಪಾರ ಶುರುಮಾಡಿದರು. ಮರ ಕೊಯ್ಯುವುದರ ಜೊತೆಗೆ ಮರದ ಮಾಡೆಲ್‌ಗಳೂ ಬಂದವು. 1950ರ ದಶಕದ ಕೊನೆಗೆ ಅಮೆರಿಕದ ಪ್ಲಾಸ್ಟಿಕ್ ಕಿಟ್‌ಗಳು ಮಾರುಕಟ್ಟೆಗೆ ನುಗ್ಗಿ, ಮರದ ಮಾಡೆಲ್ ಕೇಳುವವರೇ ಇಲ್ಲವಾದರು. ತಮಿಯಾ ಕಂಪನಿ 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಕಿಟ್, ಯಮಾಟೊ ಯುದ್ಧನೌಕೆಯನ್ನು ತಂದಿತು. ಅದೇ ನೌಕೆಯನ್ನು ಇನ್ನೊಂದು ಕಂಪನಿ ಕಡಿಮೆ ಬೆಲೆಗೆ ತಂದದ್ದರಿಂದ ತಮಿಯಾ ಕೈಸುಟ್ಟುಕೊಂಡಿತು.

ಯೋಶಿಯೊ ಅವರ ಮಗ ಶುನ್ಸಾಕು ಮುಂದಿನ ಪಣಕ್ಕೆ ಆರಿಸಿಕೊಂಡದ್ದು ಜರ್ಮನಿಯ ಪ್ಯಾಂಥರ್ ಟ್ಯಾಂಕ್. 1960ರ ದಶಕದ ಆರಂಭದಲ್ಲಿ ಬಂದ ಈ ಕಿಟ್‌ನೊಳಗೆ ಮೋಟರ್ ಇತ್ತು. ಕಟ್ಟಿ ಮುಗಿಸಿದರೆ ಟ್ಯಾಂಕ್ ಓಡುತ್ತಿತ್ತು. ಮೋಟರ್, ಗೇರು, ಎರಡು ಬ್ಯಾಟರಿ ಹಿಡಿಸುವಷ್ಟು ಹೊಟ್ಟೆ ಬೇಕು ಎಂದು ಅಳತೆ ಗೊತ್ತುಮಾಡಿದರು. ಆಮೇಲೆ ನಿಜವಾದ ಟ್ಯಾಂಕಿಗೆ ಹೋಲಿಸಿ ನೋಡಿದರೆ ಅದು 35ರಲ್ಲಿ ಒಂದು ಪಾಲು! ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬರೆದವರು ಆ ಕಾಲದ ಜಪಾನಿ ಮಕ್ಕಳಿಗೆಲ್ಲ ಗೊತ್ತಿದ್ದ ಚಿತ್ರಕಾರ ಶಿಗೆರು ಕೊಮತ್ಸುಝಾಕಿ. ಪ್ಯಾಂಥರ್ ಬಿಸಿದೋಸೆಯಂತೆ ಖರ್ಚಾಯಿತು, ಕಂಪನಿ ಬದುಕಿತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಅಳತೆಯನ್ನು ಇಂದು ಜಗತ್ತಿನ ಬಹುಪಾಲು ಟ್ಯಾಂಕ್ ಕಿಟ್ ತಯಾರಕರು ಪಾಲಿಸುತ್ತಾರೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಅದೇ ಹೊತ್ತಿಗೆ ಇನ್ನೂ ಚಿಕ್ಕದಾದ, 76ರಲ್ಲಿ ಒಂದರ ಅಳತೆ ಹಿಡಿದಿತ್ತು. 72 ಮತ್ತು 48ರ ಅಳತೆಗಳೂ ಇವೆ, ಅವಕ್ಕೂ ಭಕ್ತರಿದ್ದಾರೆ. ಆದರೆ ಟ್ಯಾಂಕ್ ಎಂದರೆ 35 ಎಂಬ ಮಾತು ಗಟ್ಟಿಯಾಗಿ ನಿಂತುಬಿಟ್ಟಿದೆ.

ಶುನ್ಸಾಕು 2025ರ ಜುಲೈನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಈ ಹವ್ಯಾಸಕ್ಕೆ ಕಟ್ಟಿಕೊಟ್ಟ ದೊಡ್ಡ ಗುಣವೆಂದರೆ ನಿಜವಾದ ವಸ್ತುವಿನ ಮುಂದೆ ಹೋಗಿ ನಿಲ್ಲುವುದು. ಅಮೆರಿಕದ ಅಬರ್ಡೀನ್ ಸೇನಾ ಕೇಂದ್ರದ ಬಯಲಿನಲ್ಲಿ ಸಾಲಾಗಿ ನಿಂತಿದ್ದ ಹಳೆಯ ಟ್ಯಾಂಕುಗಳನ್ನು ಸುತ್ತಿ ಸುತ್ತಿ ಫೋಟೊ ತೆಗೆದರು. ಪೋರ್ಷೆ 911 ಕಾರಿನ ಕಿಟ್ ಮಾಡಲು ನಿಜವಾದ ಕಾರನ್ನೇ ಕೊಂಡು ಬಿಚ್ಚಿಹಾಕಿಸಿದರು. ಇಷ್ಟಾದರೂ ತಮಿಯಾದ ಹಳೆಯ ಟ್ಯಾಂಕ್ ಕಿಟ್‌ಗಳ ತಳ ನೋಡಿದರೆ ಮೋಟರ್‌ಗೆಂದು ಬಿಟ್ಟ ತೂತುಗಳು ಕಾಣುತ್ತವೆ. ಕೆಲವದರ ಮೈ ಮೋಟರ್‌ಗೋಸ್ಕರ ಒಂದಿಷ್ಟು ಅಗಲವೂ ಆಗಿದೆ. ಹಳಬರು ಆ ತೂತುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಮುಚ್ಚಿ, ಪುಟ್ಟಿ ತುಂಬಿ, ಉಜ್ಜುತ್ತಾರೆ. ಮೇಜಿನ ಮೇಲಿಟ್ಟ ಮೇಲೆ ಯಾರೂ ನೋಡದ ತಳಕ್ಕೆ ಇಷ್ಟು ಉಪಚಾರ ಯಾಕೆ ಎಂದು ಕೇಳಬಾರದು. ಈ ಜನಕ್ಕೆ ಅದೊಂದು ಮರ್ಯಾದೆಯ ಪ್ರಶ್ನೆ.

ತೂಕದ ವಿಚಾರಕ್ಕೆ ಬರೋಣ. ಅದು ಮೊದಲು ಕಾಣುವುದು ಟ್ರ್ಯಾಕಿನಲ್ಲಿ, ನಮ್ಮಲ್ಲಿ ಅನೇಕರು ಚೈನ್ ಎನ್ನುವ ಉಕ್ಕಿನ ಪಟ್ಟಿಯಲ್ಲಿ. ಟೈಗರ್‌ಗಾಗಲಿ, ರಷ್ಯಾದ ಟಿ-34ಕ್ಕಾಗಲಿ ಮೇಲಿನ ಪಟ್ಟಿಯನ್ನು ಎತ್ತಿಹಿಡಿಯುವ ಬೇರೆ ಪುಟ್ಟ ಗಾಲಿಗಳಿಲ್ಲ. ಉಕ್ಕಿನ ಪಟ್ಟಿ ತನ್ನ ಭಾರಕ್ಕೆ ತಾನೇ ಜೋತು, ದೊಡ್ಡ ಗಾಲಿಗಳ ತಲೆಯ ಮೇಲೆ ಮಲಗಿರುತ್ತದೆ. ಹಳೆಯ ಕಿಟ್‌ಗಳಲ್ಲಿ ಬರುವ ಮೆತ್ತನೆಯ ವಿನೈಲ್ ಪಟ್ಟಿ ರಬ್ಬರ್ ಬ್ಯಾಂಡ್ ಥರ ಬಿಗಿದು ನಿಂತರೆ ಅಲ್ಲಿಗೆ ಐವತ್ತೇಳು ಟನ್ನಿನ ಆಟ ಮುಗಿಯಿತು, ನೋಡಿದ ಕೂಡಲೇ ಆಟಿಕೆ ಎಂದು ತಿಳಿಯುತ್ತದೆ. ಆದ್ದರಿಂದ ಕೆಲವರು ದಾರ ಕಟ್ಟಿ ಪಟ್ಟಿಯನ್ನು ಕೆಳಗೆಳೆಯುತ್ತಾರೆ, ಕೆಲವರು ಒಂದೊಂದೇ ಕೊಂಡಿಯನ್ನು ಜೋಡಿಸುವ ಪಟ್ಟಿ ಕಟ್ಟುತ್ತಾರೆ, ಕೈಯಲ್ಲಿ ಕಾಸಿದ್ದವರು ಹಂಗೇರಿಯ ಫ್ರಿಯುಲ್‌ಮಾಡೆಲ್ ಕಂಪನಿಯ ಲೋಹದ ಕೊಂಡಿಗಳನ್ನು ತರಿಸುತ್ತಾರೆ. ಲೋಹದ್ದಾದರೆ ನಿಜವಾದ ಭಾರವೇ ಇದೆ, ತಾನಾಗಿ ಜೋತುಬೀಳುತ್ತದೆ. ಹಾಗೆಂದು ಎಲ್ಲ ಟ್ಯಾಂಕಿನ ಪಟ್ಟಿಯನ್ನೂ ಜೋತಾಡಿಸಿದರೆ ಅದೂ ತಪ್ಪು. ಅಮೆರಿಕದ ಶರ್ಮನ್, ಸ್ಟುವರ್ಟ್ ಟ್ಯಾಂಕುಗಳ ಪಟ್ಟಿ ಮೇಲಿನ ಪುಟ್ಟ ಗಾಲಿಗಳ ಮೇಲೆ ಬಿಗಿಯಾಗಿಯೇ ಓಡುತ್ತದೆ.

ಮೈಯ ಒರಟೂ ತೂಕ ಹೇಳುತ್ತದೆ. ಯುದ್ಧದ ಎರಡನೇ ಅರ್ಧದಲ್ಲಿ ಜರ್ಮನರು ತಮ್ಮ ಟ್ಯಾಂಕುಗಳಿಗೆ ಜಿಮ್ಮರಿಟ್ ಎಂಬ ಗಾರೆಯಂಥ ಲೇಪ ಬಳಿದರು. ಆಯಸ್ಕಾಂತದ ಬಾಂಬು ಉಕ್ಕಿಗೆ ಕಚ್ಚಿಕೊಳ್ಳದಿರಲಿ ಎಂದು. 1944ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಲೇಪದ ಮೇಲೆ ಸಾಲುಸಾಲು ಗೆರೆಗಳಿರುತ್ತಿದ್ದವು. ಪುಟ್ಟ ಟ್ಯಾಂಕಿನ ಮೇಲೆ ಇದನ್ನು ತರಲು ಎಪಾಕ್ಸಿ ಪುಟ್ಟಿಯನ್ನು ಕಾಗದದಷ್ಟು ತೆಳುವಾಗಿ ಹಚ್ಚಿ, ಅದು ಗಟ್ಟಿಯಾಗುವ ಮೊದಲು ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನ ತುದಿಯನ್ನು ಒತ್ತುತ್ತ ಒತ್ತುತ್ತ ಹೋಗಬೇಕು. ಗೆರೆಗಳು ಯಂತ್ರ ಎಳೆದಷ್ಟು ಸಮವಾಗಿ ಬಂದರೆ ಕೆಲಸ ಕೆಟ್ಟಿತು. ಕಾರ್ಖಾನೆಯಲ್ಲಿ ಅದನ್ನು ಬಳಿದದ್ದು ಕೂಲಿಯ ಕೈ, ಕೊಂಚ ಸೊಟ್ಟಗೆ ಇರಬೇಕು.

ಬಣ್ಣದ ಮಾತಿಗೆ ಬಂದರೆ ಜಗಳ ಶುರು. ಜರ್ಮನ್ ಟ್ಯಾಂಕುಗಳ ಮೂಲ ಬಣ್ಣ 1943ರ ಫೆಬ್ರವರಿಯಲ್ಲಿ ಕಪ್ಪುಬೂದಿಯಿಂದ ಮಾಸಲು ಹಳದಿಗೆ ಬದಲಾಯಿತು. ಆ ಹಳದಿ ಹಸಿರಿನ ಕಡೆಗೆ ವಾಲಿತ್ತೋ ಕಂದಿನ ಕಡೆಗೋ ಎಂದು ಗಂಟೆಗಟ್ಟಲೆ ವಾದಿಸುವವರಿದ್ದಾರೆ. ನನಗೆ ಈ ವಾದದಲ್ಲಿ ನಂಬಿಕೆ ಇಲ್ಲ. ರಣರಂಗಕ್ಕೆ ಬಣ್ಣ ಹೋಗುತ್ತಿದ್ದದ್ದು ಗಟ್ಟಿ ಪೇಸ್ಟ್ ರೂಪದಲ್ಲಿ. ಸೈನಿಕರು ಸಿಕ್ಕ ಪೆಟ್ರೋಲನ್ನೋ ನೀರನ್ನೋ ಬೆರೆಸಿ ತೆಳುಮಾಡಿಕೊಂಡು ಬಳಿಯುತ್ತಿದ್ದರು. ಒಂದೇ ಡಬ್ಬಿಯಿಂದ ಹತ್ತು ಛಾಯೆ ಬಂದಿರಬೇಕು. ಇದರ ಮೇಲೆ ಇನ್ನೊಂದು ಸಂಗತಿ: ಡಬ್ಬಿಯ ಬಣ್ಣ ಅಚ್ಚುಕಟ್ಟಾಗಿ ಸರಿಯಿದ್ದರೂ ಪುಟ್ಟ ಮಾಡೆಲ್ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ದೂರದ ಬೆಟ್ಟ ತಿಳಿಯಾಗಿ ಕಾಣುವಂತೆ ದೂರದ ಟ್ಯಾಂಕೂ ತಿಳಿಯಾಗಿಯೇ ಕಾಣಬೇಕು. ಮಾಡೆಲನ್ನು ನಾವು ನೋಡುವುದು ಒಂದು ಲೆಕ್ಕದಲ್ಲಿ ದೂರದಿಂದಲೇ. ಹಾಗಾಗಿ ಪಳಗಿದವರು ಮೂಲ ಬಣ್ಣಕ್ಕೆ ಒಂದಿಷ್ಟು ಬಿಳಿಯನ್ನೋ ಮಣ್ಣಿನ ಬಣ್ಣವನ್ನೋ ಸೇರಿಸಿ ಏರ್‌ಬ್ರಷ್ ಹಿಡಿಯುತ್ತಾರೆ.

ಆಮೇಲೆ ಬರುವುದು ನಿಜವಾದ ಸುಖ: ಅಷ್ಟು ಚೆಂದ ಮಾಡಿದ್ದನ್ನು ಕೆಡಿಸುವುದು. ಹೇರ್‌ಸ್ಪ್ರೇ ವಿಧಾನವನ್ನೇ ನೋಡಿ. ಮೊದಲು ಟ್ಯಾಂಕಿಗೆ ತುಕ್ಕಿನ ಕಂದು ಬಣ್ಣ ಹೊಡೆದು ಒಣಗಿಸುತ್ತಾರೆ. ಅದರ ಮೇಲೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಹೇರ್‌ಸ್ಪ್ರೇ. ಅದರ ಮೇಲೆ ನೀರು ಬೆರೆಯುವ ಅಕ್ರಿಲಿಕ್ ಬಣ್ಣದ ತೆಳು ಪದರ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಹ್ಯಾಚ್ ಬಾಗಿಲ ಅಂಚನ್ನು ನೀರಿನಿಂದ ಒದ್ದೆ ಮಾಡಿ ಕಾಯಬೇಕು. ನೀರು ಬಣ್ಣದ ಸೂಕ್ಷ್ಮ ರಂಧ್ರಗಳಿಂದ ಇಳಿದು ಹೇರ್‌ಸ್ಪ್ರೇಯನ್ನು ಕರಗಿಸುತ್ತದೆ. ಕೂದಲು ಕತ್ತರಿಸಿ ಗಿಡ್ಡ ಮಾಡಿದ ಬ್ರಷ್ಷಿನಿಂದ ತಿಕ್ಕಿದರೆ ಮೊದಲು ಏನೂ ಆಗುವುದಿಲ್ಲ. ಇನ್ನೊಂದಿಷ್ಟು ತಿಕ್ಕಿದಾಗ ಒಂದು ಚುಕ್ಕೆ ಬಿಡುತ್ತದೆ, ಅದರ ಪಕ್ಕ ಹಲ್ಲುಹಲ್ಲಾದ ಅಂಚಿನ ಸಣ್ಣ ಚಕ್ಕೆ ಏಳುತ್ತದೆ, ಕೆಳಗಿನ ತುಕ್ಕು ಇಣುಕುತ್ತದೆ. ಕೈಯಿಂದ ಬರೆಯಲು ಸಾಧ್ಯವೇ ಇಲ್ಲದ ಆಕಾರ ಅದು. ಸೈನಿಕನ ಬೂಟು ದಿನಾ ತಾಗುವ ಜಾಗ, ಬಾಗಿಲು ಬಡಿಯುವ ಜಾಗ, ಸನಿಕೆ ಉಜ್ಜುವ ಜಾಗ, ಅಷ್ಟೇ ಸಾಕು. ರಿವೆಟ್‌ಗಳ ಬುಡಕ್ಕೆ ಕಡುಕಂದು ಎನಾಮೆಲ್ ಬಣ್ಣವನ್ನು ಥಿನ್ನರಿನಲ್ಲಿ ಕಲಸಿ ಬಿಟ್ಟರೆ ಅದು ಸುತ್ತಲೂ ಹರಿದು ನೆರಳಿನಂತೆ ನಿಲ್ಲುತ್ತದೆ. ಇದಕ್ಕೆ ವಾಷ್ ಎನ್ನುತ್ತಾರೆ. ಅಂಚುಗಳಿಗೆ ಪೆನ್ಸಿಲಿನ ಸೀಸದ ಪುಡಿ ಉಜ್ಜಿದರೆ ಸವೆದ ಉಕ್ಕಿನ ಹೊಳಪು ಬರುತ್ತದೆ. ಗಾಲಿಗಳಿಗೆ ಒಣ ಪಿಗ್ಮೆಂಟ್ ಪುಡಿ, ಇಂಧನದ ಮುಚ್ಚಳದ ಕೆಳಗೆ ಒಂದೆರಡು ಎಣ್ಣೆಯ ಕಲೆ.

ಇಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಬ್ರಷ್ ತುದಿ ಜಾರಿ ಎರಡು ಮಿಲಿಮೀಟರ್ ಗಾಯವಾದರೆ ಅದು ಏಳು ಸೆಂಟಿಮೀಟರ್ ಅಗಲ ಬಣ್ಣ ಕಿತ್ತುಬಂದ ಜಾಗ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಈ ಹವ್ಯಾಸ ಆಗಾಗ ಮರೆಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಡಯೊರಾಮಾ ಕಲೆಗೆ, ಅಂದರೆ ನೆಲ, ಜನ ಸಮೇತ ಪುಟ್ಟ ದೃಶ್ಯ ಕಟ್ಟುವ ಕಲೆಗೆ ದಾರಿ ತೋರಿಸಿದರು. ಮೊನೊಗ್ರಾಮ್ ಕಿಟ್‌ಗಳ ಪೆಟ್ಟಿಗೆಯಲ್ಲಿ ಅವರ ಡಯೊರಾಮಾಗಳ ಪುಟ್ಟ ಕರಪತ್ರ ಬರುತ್ತಿತ್ತು, ಅದನ್ನೇ ಪಾಠವಾಗಿ ಓದಿದ ತಲೆಮಾರೊಂದಿದೆ. ಬೆಲ್ಜಿಯಂನ ಫ್ರಾಂಸ್ವಾ ವೆರ್‌ಲಿಂಡನ್ ಕಾಲದಲ್ಲಿ ಎಲ್ಲ ಅಂಚಿಗೂ ಒಣ ಬ್ರಷ್ಷಿನಿಂದ ತಿಳಿ ಬಣ್ಣ ಸವರುವುದು ಫ್ಯಾಷನ್ ಆಯಿತು. ಮುಂದೆ ಮಿಗ್ ಜಿಮೆನೆಜ್ ಮತ್ತಿತರ ಸ್ಪೇನಿನವರು ಬಂದು ಒಂದೊಂದು ಉಕ್ಕಿನ ಹಲಗೆಯನ್ನೂ ಮೇಲಿಂದ ಕೆಳಕ್ಕೆ ತಿಳಿಯಿಂದ ಗಾಢಕ್ಕೆ ಇಳಿಸಿ, ನಾಟಕದ ಬೆಳಕಿನಲ್ಲಿ ನಿಂತಂತೆ ಮಾಡಿದರು. ನೋಡಲು ಬೆರಗು ಹುಟ್ಟಿಸುತ್ತದೆ. ಆದರೆ ರಣರಂಗದಲ್ಲಿ ಅನೇಕ ಟ್ಯಾಂಕುಗಳು ತುಕ್ಕು ಹಿಡಿಯುವಷ್ಟು ಕಾಲ ಬದುಕಲೇ ಇಲ್ಲ. ಕೆಲವೇ ತಿಂಗಳಲ್ಲಿ ಸುಟ್ಟುಹೋದ ಯಂತ್ರಕ್ಕೆ ಇಪ್ಪತ್ತು ವರ್ಷದ ತುಕ್ಕು ಹಚ್ಚುವುದು ಚಿತ್ರಕಲೆಯಾದೀತು, ಇತಿಹಾಸವಾಗದು. ನನ್ನ ಮತ ಧೂಳಿಗೆ. ಧೂಳು ಎಲ್ಲ ಟ್ಯಾಂಕಿಗೂ ಇತ್ತು, ಮೊದಲ ದಿನದಿಂದಲೇ ಇತ್ತು.

ನಮ್ಮ ಊರುಗಳಲ್ಲಿ ಈ ಹವ್ಯಾಸ ಹಿಡಿದವರ ಪಾಡು ಬೇರೆ. ಕಿಟ್ ಹೊರದೇಶದಿಂದ ಬರಬೇಕು; ಅದರ ಜೊತೆಗೆ ಹಿತ್ತಾಳೆ ತಗಡಿನ ಸೂಕ್ಷ್ಮ ಬಿಡಿಭಾಗ, ಕಡೆದ ಅಲ್ಯೂಮಿನಿಯಂ ತೋಪಿನ ನಳಿಕೆ, ಲೋಹದ ಟ್ರ್ಯಾಕ್ ಎಂದು ತರಿಸುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರ. ಬಣ್ಣ, ಥಿನ್ನರ್, ಸ್ಪ್ರೇ ಡಬ್ಬಿಗಳು ಬೆಂಕಿ ಹಿಡಿಯುವ ಸಾಮಾನು, ವಿಮಾನದ ಪಾರ್ಸೆಲ್‌ಗೆ ಹತ್ತಿಸುವುದಿಲ್ಲ. ಆದ್ದರಿಂದ ಇಲ್ಲಿಯದೇ ದಾರಿ ಹುಡುಕಬೇಕು. ಕಾರಿಗೆ ಬಣ್ಣ ಹೊಡೆಯುವವರ ಅಂಗಡಿಯ ಲ್ಯಾಕರ್ ಥಿನ್ನರ್ ಏರ್‌ಬ್ರಷ್ ತೊಳೆಯಲು ಚೆನ್ನ. ಅದನ್ನೇ ಪ್ಲಾಸ್ಟಿಕ್ ಮೇಲೆ ಸುರಿದರೆ ಟ್ಯಾಂಕ್ ಮೇಣವಾಗುತ್ತದೆ. ಹಲ್ಲಿನ ಡಾಕ್ಟರು ಬಿಸಾಡುವ ಕೊಕ್ಕೆಗಳು ಪುಟ್ಟಿ ಕೆತ್ತಲು ಹೇಳಿ ಮಾಡಿಸಿದಂತಿವೆ. ಎಂ-ಸೀಲ್ ಇದ್ದರೆ ಮೂಟೆ, ಸುತ್ತಿದ ಟಾರ್ಪಾಲು, ಮರಳಿನ ಚೀಲ ಎಲ್ಲ ಆಗುತ್ತದೆ. ಮಳೆಗಾಲ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಜುಲೈ ತಿಂಗಳಲ್ಲಿ ಲ್ಯಾಕರ್ ವಾರ್ನಿಷ್ ಹೊಡೆದರೆ ಗಾಳಿಯ ತೇವ ಅದರೊಳಗೆ ಸಿಕ್ಕಿಕೊಂಡು ಇಡೀ ಟ್ಯಾಂಕ್ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಕಟ್ಟುವ ಕೆಲಸವನ್ನು ಮಳೆಗಾಲಕ್ಕೆ, ಬಣ್ಣವನ್ನು ದಸರೆಯ ನಂತರಕ್ಕೆ ಇಟ್ಟುಕೊಳ್ಳುವುದು ಜಾಣತನ. ಕಿಟಕಿ ತೆರೆದಿರಬೇಕು, ಮಾಸ್ಕ್ ಹಾಕಿರಬೇಕು. ಆ ಹಬೆ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಕೊಲ್ಲುವ ಯಂತ್ರವನ್ನು ಇಷ್ಟು ಮುದ್ದಿನಿಂದ ಕಟ್ಟುವುದು ಸರಿಯೇ ಎಂದು ಮನೆಗೆ ಬಂದವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ನನ್ನನ್ನು ಕಾಡುವುದು ಅಂಗಡಿಯ ಕಪಾಟು. ಮೊದಲ ಮಾದರಿಯ ಟೈಗರ್‌ಗಳು ತಯಾರಾದದ್ದು ಸುಮಾರು 1,350. ಶರ್ಮನ್‌ಗಳು 49,000ದ ಆಸುಪಾಸು. ಟಿ-34 ಅದಕ್ಕೂ ಹೆಚ್ಚು. ಯುದ್ಧ ಗೆದ್ದದ್ದು ಈ ಎರಡು. ಕಪಾಟಿನಲ್ಲಿ ಮೆರೆಯುವುದು ಮಾತ್ರ ಟೈಗರ್, ಪ್ಯಾಂಥರ್! ಸೋತವನ ಯಂತ್ರಕ್ಕೆ ಒಂದು ದುರಂತ ನಾಯಕನ ಕಳೆ ಕಟ್ಟಿ ಮಾರುವುದು ಸುಲಭ. ಅದರೊಳಗೆ ಕೂತವರು ಯಾವ ಸರ್ಕಾರಕ್ಕಾಗಿ ಗುಂಡು ಹಾರಿಸಿದರು ಎಂಬುದು ಪೆಟ್ಟಿಗೆಯ ಚಿತ್ರದಲ್ಲಿ ಕಾಣುವುದಿಲ್ಲ.

ಹಾಗಾಗಿ ಬೇರೆ ಟ್ಯಾಂಕುಗಳ ಕಡೆ ನೋಡಿ ಎನ್ನುತ್ತೇನೆ. ಮಹಾರಾಷ್ಟ್ರದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಟ್ಯಾಂಕ್ ಮ್ಯೂಸಿಯಂವರೆಗೂ ಹೋಗಲಾಗದವರು ಮಡಿಕೇರಿಗೆ ಹೋಗಬಹುದು. ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ, ಅಂಗಳದಲ್ಲಿ ಟಿ-55 ಟ್ಯಾಂಕ್ ನಿಂತಿದೆ. ಆ ಮಾದರಿಯ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಮೇಲಿನ ಗೋಪುರ, ಅಚ್ಚಿಗೆ ಎರೆದದ್ದು, ಹಲಗೆ ಬೆಸೆದದ್ದಲ್ಲ. ಅದರ ಮೈ ನುಣ್ಣಗಿರುವುದಿಲ್ಲ, ತರಿತರಿ. ಕಿಟ್‌ಗಳಲ್ಲಿ ಈ ತರಿ ಸಾಕಷ್ಟು ಬರುವುದಿಲ್ಲ. ಪುಟ್ಟಿಯನ್ನು ಸಿಮೆಂಟಿನಲ್ಲಿ ಕದಡಿ, ಗಡುಸು ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ ಹಗುರವಾಗಿ ಉಜ್ಜಿದರೆ ಹಸಿ ಉಕ್ಕಿನ ಭಾರ ಬಂದುಬಿಡುತ್ತದೆ. ಇಂಥ ಅಂಗಳಗಳ ಟ್ಯಾಂಕುಗಳಿಂದ ಕಲಿಯಬೇಕಾದದ್ದು ಆಕಾರ, ಬೆಸುಗೆಯ ಗಂಟು, ಬೋಲ್ಟು, ಮೈಯ ತರಿ. ಬಣ್ಣವನ್ನಲ್ಲ. ಮಳೆ ಬಿಸಿಲಿನಿಂದ ಕಾಪಾಡಲು ಎಲ್ಲ ಕಡೆಯೂ ಪದರದ ಮೇಲೆ ಪದರ ಬಣ್ಣ ಬಳಿದಿರುತ್ತಾರೆ.

ತಿಮ್ಮಯ್ಯನವರ ಹೆಸರು ಬಂದ ಮೇಲೆ ಕಾಶ್ಮೀರದಿಂದ ಲಡಾಖಿಗೆ ದಾಟಿಸುವ ಜೋಜಿಲಾ ನೆನಪಾಗದೆ ಇರದು. 1948ರ ನವೆಂಬರ್ 1, ಸುಮಾರು 3,500 ಮೀಟರ್ ಎತ್ತರದ ಹಿಮದ ಕಣಿವೆ. ಅಲ್ಲಿಗೆ ಟ್ಯಾಂಕ್ ಬರುತ್ತದೆಂದು ಪಾಕಿಸ್ತಾನದ ಕಡೆಯ ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟು ಬಯಲಾಗದಂತೆ ಟರೆಟ್ ಕಳಚಿ ಕಣಿವೆಯ ಬುಡದ ಬಾಲ್ತಾಲ್‌ವರೆಗೆ ತಂದು, ಮತ್ತೆ ಜೋಡಿಸಿ ಮೇಲೇರಿಸಿದರು. ಹೇಸರಗತ್ತೆಗಳ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ನೆಲೆಯಿರುವ ಅದೇ ಪಡೆ. ಡಿವಿಷನ್ನಿನ ಮುಖ್ಯಸ್ಥರಾಗಿದ್ದ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಕಣಿವೆ ಕೈವಶವಾಯಿತು, ಲೇಹ್‌ನ ದಾರಿ ತೆರೆಯಿತು.

ಸ್ಟುವರ್ಟ್ ಕಿಟ್ ಸಿಗದ ವಸ್ತುವಲ್ಲ, ದೊಡ್ಡದೂ ಅಲ್ಲ. 35ರ ಅಳತೆಯಲ್ಲಿ ಹದಿನಾಲ್ಕು ಸೆಂಟಿಮೀಟರ್ ಉದ್ದ, ಅಂಗೈಗಿಂತ ಕೊಂಚ ಜಾಸ್ತಿ. ಇದನ್ನು ಕಟ್ಟುವವರು ಕಣಿವೆಯ ಮೇಲಿನ ಗುಂಡಿನ ಕಾಳಗವನ್ನು ಬಿಟ್ಟು, ಕೆಳಗಿನ ಗುಟ್ಟಿನ ಪಯಣವನ್ನು ಆರಿಸಿಕೊಳ್ಳಬೇಕೆಂದು ನನ್ನ ಆಸೆ. ಟರೆಟ್ ಕಿಟ್‌ನಲ್ಲಿ ಹೇಗೂ ಬೇರೆಯಾಗಿಯೇ ಇರುತ್ತದೆ, ಅದನ್ನು ಕೂರಿಸಲೇಬಾರದು. ಟರೆಟ್ ಇಲ್ಲದ ಹೊಟ್ಟೆಯೊಳಗೆ ಬಹುತೇಕ ಕಿಟ್‌ಗಳಲ್ಲಿ ಏನೂ ಇರುವುದಿಲ್ಲ. ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಕಾಗದದ ಟಾರ್ಪಾಲು ಹೊದಿಸಿದರೆ ತೊಂದರೆ ಕಳೆಯಿತು. ಪಟ್ಟಿ ಬಿಗಿಯಾಗಿರಲಿ, ನೆಲ ತಾಗುವ ಹಿಂದಿನ ದೊಡ್ಡ ಗಾಲಿ ಮಣ್ಣಿನಲ್ಲಿ ಒಂದು ಮಿಲಿಮೀಟರ್ ಹೂತಿರಲಿ. ನೆಲದ ಮೇಲೆ ಟ್ಯಾಂಕನ್ನು ಸುಮ್ಮನೆ ಇಟ್ಟರೆ ತೇಲಿದಂತೆ ಕಾಣುತ್ತದೆ, ಹಸಿ ಮಣ್ಣಿಗೆ ಒತ್ತಿ ಗುರುತು ಮೂಡಿಸಲೇಬೇಕು. ಹಿಮ ತೋರಿಸುವುದಾದರೆ ಅಡುಗೆ ಸೋಡಾ ಬೇಡ, ಕಾಲ ಕಳೆದಂತೆ ಹಳದಿ ತಿರುಗುತ್ತದೆ; ಸೂಕ್ಷ್ಮ ಗಾಜಿನ ಪುಡಿಯೇ ಆಗಬೇಕು. ಕಷ್ಟವಿರುವುದು ಜನರನ್ನು ಮಾಡುವುದರಲ್ಲಿ. ಆ ಕಾಲದ ಭಾರತೀಯ ಸ್ಯಾಪರ್‌ಗಳ ಬೊಂಬೆ ಅಂಗಡಿಯಲ್ಲಿ ಸಿಗುವುದು ದುರ್ಲಭ. ಬ್ರಿಟಿಷ್ ಸೈನಿಕರ ಐದು ಸೆಂಟಿಮೀಟರ್ ಬೊಂಬೆಗಳನ್ನು ತಂದು, ಹೆಲ್ಮೆಟ್ ಕೆರೆದು ತೆಗೆದು, ಪುಟ್ಟಿಯಲ್ಲಿ ದಪ್ಪ ಕೋಟು ಹೊದಿಸಿ, ಕೈಗೆ ಬಂದೂಕಿನ ಬದಲು ಹಾರೆ ಕೊಡಬೇಕು. ಹಾರೆಯನ್ನು ಗುಂಡುಸೂಜಿ ಚಪ್ಪಟೆ ಮಾಡಿಯೂ ಮಾಡಬಹುದು.